ಟ್ರ್ಯಾಕ್ಟರಿನ ಬ್ಯಾಟರಿ ಪೆಟ್ಟಿಗೆಯನ್ನು ದೊಡ್ಡ ಬ್ಯಾಟರಿಗೆ ತಕ್ಕಂತೆ ಮಾರ್ಪಡಿಸುವ ಕ್ರಮ

(ವ್ಯವಸಾಯ ಇನ್‌ಸ್ಪೆಕ್ಟರರು, ಎಲ್.ಎಜಿ., ಬರೆದುದು)

ಮಾನ್ವಿ ತಾಲ್ಲೂಕಿನ ಕುರ್ಡಿ ಗ್ರಾಮದಲ್ಲಿ ಕಳೆದ ಹತ್ತಿಯ ಸುಗ್ಗಿಯಲ್ಲಿ ನಡೆದ ಸಂಗತಿಯೊಂದನ್ನು ಮೊದಲು ಅರಿಕೆಮಾಡಿ, ಅನಂತರ ಪ್ರಕೃತ ವಿಷಯಕ್ಕೆ ಬರುವೆನು.

ಅಲ್ಲಿಯ ಜಮೀನುದಾರರೊಬ್ಬರ ಟ್ರ್ಯಾಕ್ಟರಿನ ಬ್ಯಾಟರಿಯು ನಾಲ್ಕು ವರ್ಷ ದುಡಿದು ಕೆಟ್ಟುಹೋಗಲಾಗಿ, ಅವರ ಮಗನು ಪೇಟೆಗೆ ಹೋಗಿ, 75 ಆಂಪಿಯರ್-ಗಂಟೆಯ ಹಳೆಯದಕ್ಕೆ ಬದಲಾಗಿ 100 ಆಂಪಿಯರ್-ಗಂಟೆಯ ಹೊಸದೊಂದನ್ನು ಕೊಂಡುತಂದನು. ದೊಡ್ಡದಾದರೆ ಒಳ್ಳೆಯದೇ ಎಂಬುದು ಅವನ ಎಣಿಕೆ. ಮನೆಗೆ ತಂದು ನೋಡಿದರೆ ಪೆಟ್ಟಿಗೆಯ ಒಳ ಉದ್ದವು 12½ ಅಂಗುಲ, ಹೊಸ ಬ್ಯಾಟರಿಯ ಉದ್ದವು 16 ಅಂಗುಲಕ್ಕೂ ತುಸು ಮೇಲು. ಹತ್ತಿ ಬಿಡಿಸಿ ಚೀಲ ತುಂಬಿ ಇಟ್ಟಿದ್ದರು. ರಾಯಚೂರಿನ ಮಾರುಕಟ್ಟೆಗೆ ಹೊರಡುವ ಆತುರ. ಟ್ರ್ಯಾಕ್ಟರು ಹೊಡೆಯುವ ಹುಡುಗನು ಪೆಟ್ಟಿಗೆಯ ಒಂದು ಬದಿಯ ತಗಡನ್ನು ಗರಗಸದಿಂದ ಕೊಯ್ದುಹಾಕಿ, ಬ್ಯಾಟರಿಯ ಮೂರೂವರೆ ಅಂಗುಲದಷ್ಟು ಭಾಗವು ಹೊರಗೆ ಚಾಚಿಕೊಂಡಿರುವಂತೆ ಇರಿಸಿ, ಹಗ್ಗದಿಂದಲೂ ಹಳೆಯ ಟ್ಯೂಬಿನ ಪಟ್ಟಿಯಿಂದಲೂ ಬಿಗಿದನು. ಬ್ಯಾಟರಿಯು ಎತ್ತರದಲ್ಲಿಯೂ ಹಳೆಯದಕ್ಕಿಂತ ಹೆಚ್ಚಾಗಿದ್ದುದರಿಂದ ಬಾನೆಟ್ಟು ಸರಿಯಾಗಿ ಕೂಡಲಿಲ್ಲ. ಅದನ್ನು ಕೈಯಿಂದ ಅದುಮಿ ಕೊಂಡಿ ಸಿಕ್ಕಿಸಿದ್ದಾಯಿತು.

ಊರು ಬಿಟ್ಟು ಎರಡು ಮೈಲಿ ಹೋಗುವಷ್ಟರಲ್ಲಿ ಒಂದು ತಗ್ಗಿಗೆ ಗಾಲಿ ಇಳಿಯಿತು. ಬ್ಯಾಟರಿಯು ಎಗರಿ, ಅದರ ಪ್ಲಸ್ ಕಂಬವು ಬಾನೆಟ್ಟಿನ ತಗಡಿಗೆ ತಾಗಿತು. ಕಿಡಿ ಹಾರಿತು, ಕೇಬಲ್ಲಿನ ಮೇಲಿನ ರಬ್ಬರು ಕರಗಿ ಹೊಗೆ ಎದ್ದಿತು. ಹುಡುಗನು ಬಾನೆಟ್ಟು ತೆರೆದು ಕೇಬಲ್ಲನ್ನು ಬರಿಗೈಯಿಂದ ಕಿತ್ತನು, ಅಂಗೈ ಸುಟ್ಟಿತು. ಹಿಂದೆ ಟ್ರಾಲಿಯ ತುಂಬ ಹತ್ತಿ. ಪಕ್ಕದ ಹೊಲದಲ್ಲಿದ್ದವರು ಓಡಿಬಂದು ಮಣ್ಣೆರಚಿ ಬೆಂಕಿ ಹಬ್ಬದಂತೆ ನಂದಿಸಿದರು. ಗಾಳಿಯು ಮುಂದಿನಿಂದ ಹಿಂದಕ್ಕೆ ಬೀಸುತ್ತಿದ್ದಿದ್ದರೆ ಆ ಮನೆಯ ಒಂದು ವರ್ಷದ ದುಡಿಮೆ ಆ ದಾರಿಯಲ್ಲೇ ಬೂದಿಯಾಗುತ್ತಿದ್ದಿತು.

ಮರುವಾರ ನಾನು ಆ ಗ್ರಾಮಕ್ಕೆ ಹೋದಾಗ ಹುಡುಗನು ಕೈಗೆ ಬಟ್ಟೆ ಸುತ್ತಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದನು. "ಡಬ್ಬಿ ಸಣ್ಣದಾತ್ರಿ ಸಾಹೇಬ್ರ, ಬ್ಯಾಟ್ರಿ ದೊಡ್ಡದಾತ್ರಿ, ನಡುವ ನಾ ಸಿಕ್ಕೊಂಡೆ" ಎಂದನು. ಯಜಮಾನರು, "ಹಂಗಾರ ದೊಡ್ಡ ಬ್ಯಾಟ್ರಿ ತಂದಿದ್ದೇ ತಪ್ಪಾತೇನ್ರಿ?" ಎಂದು ಕೇಳಿದರು. ತಪ್ಪು ಬ್ಯಾಟರಿಯದಲ್ಲ, ಪೆಟ್ಟಿಗೆಯನ್ನು ಅದರ ಅಳತೆಗೆ ಮಾಡಿಸದೆ ಇದ್ದುದೇ ತಪ್ಪೆಂದು ಹೇಳಿ, ಊರಿನ ಕಂಬಾರನನ್ನು ಕರೆಸಿ, ಎರಡು ದಿನ ಕುಳಿತು ಹೊಸ ಪೆಟ್ಟಿಗೆಯನ್ನು ಮಾಡಿಸಿದೆವು. ಆ ಕೆಲಸದ ವಿವರವನ್ನು ಇಲ್ಲಿ ಬರೆಯುತ್ತಿರುವೆನು. ಈ ತೊಂದರೆಯು ಒಂದು ಮನೆಯದಲ್ಲ. 1953ರಲ್ಲಿ ಕಟ್ಟಿ ಮುಗಿದ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆಯ ನೀರು ಈ ಸೀಮೆಗೆ ಬಂದ ಮೇಲೆ ಭತ್ತವೂ, ಭತ್ತದ ಹಿಂದೆ ಟ್ರ್ಯಾಕ್ಟರುಗಳೂ ಬಂದುವು. ಈಗ ರಾತ್ರಿಯ ಉಳುಮೆ, ರಾತ್ರಿಯ ಸಾಗಾಣಿಕೆಗಳು ಸಾಮಾನ್ಯವಾಗಿರುವುದರಿಂದ ದೊಡ್ಡ ಬ್ಯಾಟರಿಯ ಆಸೆಯೂ ಊರೂರಿಗೆ ಹಬ್ಬಿದೆ.

ದೊಡ್ಡ ಬ್ಯಾಟರಿ ನಿಜವಾಗಿ ಬೇಕೆ?

ಪೆಟ್ಟಿಗೆಗೆ ಕೈಹಾಕುವ ಮೊದಲು ಈ ಪ್ರಶ್ನೆಯನ್ನು ಕೇಳಿಕೊಳ್ಳತಕ್ಕದ್ದು. ಬ್ಯಾಟರಿಯು ವಿದ್ಯುಚ್ಛಕ್ತಿಯ ಹಗೇವು ಮಾತ್ರ, ಬೆಳೆಯುವ ಹೊಲವಲ್ಲ. ಶಕ್ತಿಯನ್ನು ಹುಟ್ಟಿಸುವುದು ಎಂಜಿನ್ನಿನ ಪಕ್ಕದಲ್ಲಿ ಪಟ್ಟೆಯಿಂದ ತಿರುಗುವ ಆಲ್ಟರ್ನೇಟರು. ಇದನ್ನು ನಮ್ಮವರು ಈಗಲೂ ಡೈನಮೋ ಎಂದೇ ಕರೆಯುವರು. ಹಗೇವು ದೊಡ್ಡದಾದ ಮಾತ್ರಕ್ಕೆ ಜೋಳ ಹೆಚ್ಚು ಬೆಳೆಯದು. 75 ಆಂಪಿಯರ್-ಗಂಟೆ ಎಂದರೆ 20 ಗಂಟೆಗಳ ಕಾಲ ಒಂದೇ ಸಮನೆ 3¾ ಆಂಪಿಯರ್‌ನಂತೆ ಕೊಡಬಲ್ಲುದು ಎಂದು ಅರ್ಥ. ಒಮ್ಮೆಲೇ ಹೆಚ್ಚಾಗಿ ಎಳೆದರೆ ಅಷ್ಟೂ ಸಿಕ್ಕುವುದಿಲ್ಲ.

ಕುರ್ಡಿಯ ಟ್ರ್ಯಾಕ್ಟರಿನಲ್ಲಿ ಲೆಕ್ಕ ಹಾಕಿ ನೋಡಿದೆವು. ಮುಂದಿನ ಎರಡು ದೀಪಗಳು 55 ವ್ಯಾಟಿನವು. 12 ವೋಲ್ಟಿನಲ್ಲಿ ಎರಡಕ್ಕೂ ಸೇರಿ ಸುಮಾರು 9 ಆಂಪಿಯರ್. ಮೇಲೆ ಹೆಚ್ಚಾಗಿ ಹಾಕಿಸಿದ್ದ ಅಂಥವೇ ನಾಲ್ಕು ದೀಪಗಳಿಗೆ 18 ಆಂಪಿಯರ್. ಇವುಗಳ ಜೊತೆಗೆ 150 ವ್ಯಾಟಿನ ಹಾಡಿನ ಪೆಟ್ಟಿಗೆಯೊಂದು. ಅದಕ್ಕೆ 12 ಆಂಪಿಯರಿಗೂ ಮೇಲು. ಒಟ್ಟು ಸುಮಾರು 40 ಆಂಪಿಯರ್ ಆಯಿತು. ಡೈನಮೋ ಎಂಜಿನ್ನಿನ ಪೂರ್ಣ ವೇಗದಲ್ಲಿ ಇಷ್ಟನ್ನು ಕೊಡುವುದೇ ಕಷ್ಟ. ಎಂಜಿನ್ನು ನಿಧಾನವಾಗಿ ಓಡುವಾಗ ಅರ್ಧದಷ್ಟು ಕೊಟ್ಟರೆ ಹೆಚ್ಚು. ಉಳಿದ 20 ಆಂಪಿಯರನ್ನು ಬ್ಯಾಟರಿಯೇ ಕೊಡಬೇಕು. ಹೀಗಿರಲು 75ರ ಬದಲು 100ರ ಬ್ಯಾಟರಿ ಹಾಕಿದರೆ ಹೆಚ್ಚಾಗುವ 25 ಆಂಪಿಯರ್-ಗಂಟೆಯು ಒಂದೂಕಾಲು ಗಂಟೆಗೆ ಮುಗಿಯುತ್ತದೆ. ಅಂದರೆ ಬ್ಯಾಟರಿಯು ಸಾಯುವುದು ತಪ್ಪುವುದಿಲ್ಲ. ಒಂದೂಕಾಲು ಗಂಟೆ ತಡವಾಗಿ ಸಾಯುತ್ತದೆ.

ಆದಕಾರಣ ಮೊದಲು ಮೇಲಿನ ನಾಲ್ಕು ದೀಪಗಳನ್ನು ತೆಗೆಸಿ, 18 ವ್ಯಾಟಿನ ಎಲ್‌ಇಡಿ ದೀಪಗಳನ್ನು ಹಾಕಿಸಿದೆವು. ಇವಕ್ಕೆ ತಲಾ ಒಂದೂವರೆ ಆಂಪಿಯರ್ ಸಾಕು, ಬೆಳಕೇನೂ ಕಡಿಮೆಯಾಗಲಿಲ್ಲ. ಹಾಡಿನ ಪೆಟ್ಟಿಗೆಯ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ಯಜಮಾನರು ಒಪ್ಪಿದರು, ಅವರ ಮಗನು ಒಪ್ಪಲಿಲ್ಲ. ಅದು ಇಂದಿಗೂ ಅಲ್ಲಿಯೇ ಇದೆ.

ದೊಡ್ಡ ಬ್ಯಾಟರಿ ವ್ಯರ್ಥವೆಂದು ಇದರಿಂದ ತಿಳಿಯಬಾರದು. ದಿನಕ್ಕೆ ಅನೇಕ ಸಲ ಎಂಜಿನ್ನನ್ನು ನಿಲ್ಲಿಸಿ ಮತ್ತೆ ಹೊರಡಿಸುವ ಟ್ರ್ಯಾಕ್ಟರಿಗೂ, ಎಂಜಿನ್ನು ನಿಂತಿರುವಾಗ ದೀಪ ಉರಿಸಿ ಕೆಲಸ ಮಾಡಬೇಕಾದ ಕಡೆಗೂ ಅದು ಉಪಯುಕ್ತವಾದುದು. ಡೈನಮೋವಿಗೆ ಅದರಿಂದ ಕೇಡಿಲ್ಲ; ಬರಿದಾದ ದೊಡ್ಡ ಬ್ಯಾಟರಿ ತುಂಬುವುದಕ್ಕೆ ಹೊತ್ತು ಹೆಚ್ಚು ಹಿಡಿಯುತ್ತದೆ, ಅಷ್ಟೆ. ಯೂರೋಪು ಅಮೆರಿಕಗಳಲ್ಲಿ ಚಕ್ರದ ಮೇಲಿನ ಮನೆಗಳನ್ನು ಮೋಟಾರಿನ ಹಿಂದೆ ಎಳೆದುಕೊಂಡು ಹೋಗಿ ಕಾಡುಮೇಡುಗಳಲ್ಲಿ ತಂಗುವ ಜನರಿದ್ದಾರೆ. ರಾತ್ರಿಯ ದೀಪಕ್ಕೂ ನೀರಿನ ಪಂಪಿಗೂ ಬ್ಯಾಟರಿಯನ್ನೇ ನಂಬಿರುವುದರಿಂದ ಅವರೂ ಹಳೆಯದು ಕೆಟ್ಟಾಗ ದೊಡ್ಡದನ್ನು ತರುತ್ತಾರೆ, ಅದು ಪೆಟ್ಟಿಗೆಯಲ್ಲಿ ಹಿಡಿಸದೆ ಪೆಟ್ಟಿಗೆಯನ್ನು ಕೊಯ್ದು ಹಿಗ್ಗಿಸುತ್ತಾರೆ. ಅವರ ತೊಡಕೂ ನಮ್ಮದೂ ಒಂದೇ. ಆದರೆ ನಮ್ಮ ಕರಿಯ ಮಣ್ಣಿನ ದಾರಿಗಳ ಕುಲುಕಾಟ ಅವರಿಗಿಲ್ಲ.

ಹಣ ಕೊಡುವ ಮೊದಲೇ ಅಳತೆ

ಬ್ಯಾಟರಿಯ ಉದ್ದ, ಅಗಲ, ಕಂಬದ ತುದಿಯವರೆಗಿನ ಎತ್ತರ ಈ ಮೂರನ್ನೂ ಅಂಗಡಿಯಲ್ಲಿಯೇ ಅಳೆದು ಬರೆದುಕೊಳ್ಳತಕ್ಕದ್ದು. ಜಪಾನಿನ ಪದ್ಧತಿಯ ಗುರುತುಗಳಿರುವ ಬ್ಯಾಟರಿಗಳಲ್ಲಿ ಒಂದು ಅನುಕೂಲವಿದೆ. ಗುರುತಿನ ನಡುವಣ ಅಕ್ಷರದ ಮುಂದಿರುವ ಎರಡು ಅಂಕಿಗಳು ಉದ್ದವನ್ನು ಸೆಂಟಿಮೀಟರುಗಳಲ್ಲಿ ಹೇಳುತ್ತವೆ. 31 ಎಂದಿದ್ದರೆ ಸುಮಾರು 12 ಅಂಗುಲ, 41 ಎಂದಿದ್ದರೆ ಸುಮಾರು 16 ಅಂಗುಲ. ಕುರ್ಡಿಯ ಹಳೆಯ ಬ್ಯಾಟರಿ ಮೊದಲನೆಯ ತರದ್ದು, ಹೊಸದು ಎರಡನೆಯ ತರದ್ದು. ಅಂಗಡಿಯಲ್ಲಿ ಈ ಎರಡಂಕಿಗಳನ್ನು ಯಾರೂ ನೋಡಲಿಲ್ಲ.

ಪ್ಲಸ್ ಕಂಬವು ಎಡಕ್ಕಿದೆಯೋ ಬಲಕ್ಕಿದೆಯೋ ಎಂಬುದನ್ನೂ ಕಣ್ಣಾರೆ ನೋಡಿಕೊಳ್ಳಬೇಕು. ಒಂದೇ ಗಾತ್ರದ ಬ್ಯಾಟರಿಗಳು ಎರಡು ಬಗೆಯಲ್ಲಿಯೂ ಬರುತ್ತವೆ. ತಿರುವು ಮುರುವಾದುದು ಬಂದರೆ ಕೇಬಲ್ಲು ನಿಲುಕದೆ ಹೋಗುವುದು. ನಿಲುಕಿಸಲು ಹೋಗಿ ಪ್ಲಸ್ಸನ್ನು ಮೈನಸ್ಸಿಗೆ ಜೋಡಿಸಿದರೆ ಡೈನಮೋವಿನ ಒಳಭಾಗಗಳು ಕ್ಷಣಮಾತ್ರದಲ್ಲಿ ಸುಟ್ಟುಹೋಗುವುವು.

ತೂಕವನ್ನೂ ಮರೆಯಬಾರದು. ಹಳೆಯ ಅಳತೆಯದು ಸುಮಾರು 18ರಿಂದ 20 ಕಿಲೋ ತೂಗಿದರೆ, ಹೊಸದು 25 ಕಿಲೋ ದಾಟುವುದು. ಹಳೆಯ ತೆಳುತಗಡಿನ ತಳವು ಈ ಭಾರವನ್ನು ಬಹುಕಾಲ ತಾಳಲಾರದು.

ಅಳತೆ ದೊರೆತ ಮೇಲೆ ದಪ್ಪ ರಟ್ಟಿನಿಂದ ಬ್ಯಾಟರಿಯ ಒಂದು ಸುಳ್ಳುರೂಪವನ್ನು ಮಾಡಿ ಟ್ರ್ಯಾಕ್ಟರಿನಲ್ಲಿ ಇಟ್ಟು ನೋಡುವುದು ಬಹಳ ಒಳ್ಳೆಯದು. ನಾವು ಗೊಬ್ಬರದ ಅಂಗಡಿಯ ರಟ್ಟಿನ ಡಬ್ಬಿಯನ್ನೇ ಕೊಯ್ದು ಮಾಡಿದೆವು. ಒಂದು ಗಂಟೆಯ ಕೆಲಸ. ಅದರಿಂದ ನಾಲ್ಕು ಸಂಗತಿಗಳು ತಿಳಿದುಬಂದುವು. ಅವುಗಳಲ್ಲಿ ಎರಡನ್ನು ನಾವು ಊಹಿಸಿಯೂ ಇರಲಿಲ್ಲ.

ಬಾನೆಟ್ಟು ಮುಚ್ಚಿದಾಗ ಕಂಬದ ತುದಿಗೂ ತಗಡಿಗೂ ನಡುವೆ ಕಾಲು ಅಂಗುಲ ಮಾತ್ರ ಉಳಿಯುತ್ತಿದ್ದಿತು. ಒಂದು ಅಂಗುಲಕ್ಕೆ ಕಡಿಮೆ ಇರಕೂಡದು. ಆದ್ದರಿಂದ ಪೆಟ್ಟಿಗೆಯ ತಳವನ್ನು ಮುಕ್ಕಾಲು ಅಂಗುಲ ತಗ್ಗಿಸಬೇಕೆಂದು ಗೊತ್ತಾಯಿತು. ಅಗಲದಲ್ಲಿ ತೊಂದರೆ ಇರಲಿಲ್ಲ. ಬಾನೆಟ್ಟಿನ ಎರಡು ಪಕ್ಕಗಳಿಗೂ ತಾಗದೆ ಬ್ಯಾಟರಿ ಕೂಡುತ್ತಿದ್ದಿತು.

ಊಹಿಸದೆ ಇದ್ದುದು ಮುಂದಿನ ಅಚ್ಚಿನ ಮಾತು. ಟ್ರ್ಯಾಕ್ಟರಿನ ಮುಂದಿನ ಅಚ್ಚು ನಡುವಿನ ಒಂದು ಕೀಲಿನ ಮೇಲೆ ತಕ್ಕಡಿಯ ದಂಡಿಗೆಯಂತೆ ಆಡುವುದು. ಒಂದು ಗಾಲಿ ಬದುವನ್ನೇರಿದಾಗ ಅಚ್ಚಿನ ಆ ತುದಿಯು ಮೇಲಕ್ಕೆ ಏಳುವುದು. ತಗ್ಗಿಸಿದ ತಳವು ಅದಕ್ಕೆ ತಗುಲಿದರೆ ಪೆಟ್ಟಿಗೆಯು ಮೊದಲನೆಯ ದಿನವೇ ಮುರಿಯುತ್ತದೆ. ಒಂದು ಗಾಲಿಯ ಕೆಳಗೆ ದೊಡ್ಡ ಕಲ್ಲನ್ನಿಟ್ಟು, ಅನಂತರ ಇನ್ನೊಂದರ ಕೆಳಗಿಟ್ಟು, ಎರಡು ಸಲವೂ ಎಷ್ಟು ಜಾಗ ಉಳಿಯುವುದೆಂದು ನೋಡಿದೆವು. ಒಂದು ಹಿಡಿಯಷ್ಟು ಉಳಿಯಿತು.

ಇನ್ನೊಂದು ಸಂಗತಿ ಗಾಳಿಗೆ ಸಂಬಂಧಪಟ್ಟುದು. ಈ ಟ್ರ್ಯಾಕ್ಟರಿನಲ್ಲಿ, ನಮ್ಮ ಸೀಮೆಯ ಇನ್ನೂ ಅನೇಕ ಟ್ರ್ಯಾಕ್ಟರುಗಳಲ್ಲಿರುವಂತೆ, ಬ್ಯಾಟರಿಯು ರೇಡಿಯೇಟರಿನ ಎದುರಿಗೆ ಇರುವುದು. ಹಳೆಯ ಬ್ಯಾಟರಿಯು ಗಾಳಿಗೆ ಅಡ್ಡವಾಗಿದ್ದುದು ಸುಮಾರು 106 ಚದರ ಅಂಗುಲ. ಹೊಸದು 148 ಚದರ ಅಂಗುಲ. ಇದರ ಮೇಲೆ ಪೆಟ್ಟಿಗೆಯ ಸುತ್ತಲೂ ತಗಡಿನ ಗೋಡೆ ಹಾಕಿದರೆ ರೇಡಿಯೇಟರಿಗೆ ಉಸಿರೇ ಇರುವುದಿಲ್ಲ. ರಾಯಚೂರು ಜಿಲ್ಲೆಯಲ್ಲಿ ಚೈತ್ರ ವೈಶಾಖಗಳಲ್ಲಿ ಉಷ್ಣತೆಯು 40 ಡಿಗ್ರಿ ಸೆಲ್ಸಿಯಸನ್ನು ಮೀರುವುದು ಸಾಮಾನ್ಯ. ಬ್ಯಾಟರಿ ಹಾಕಿಸಲು ಹೋಗಿ ಎಂಜಿನ್ನನ್ನು ಕುದಿಸಿಕೊಂಡರೆ ನಷ್ಟವು ಬ್ಯಾಟರಿಯ ಬೆಲೆಯ ಹತ್ತರಷ್ಟಾಗಬಹುದು. ಆದಕಾರಣ ಗೋಡೆಗಳುಳ್ಳ ಪೆಟ್ಟಿಗೆಯನ್ನು ಬಿಟ್ಟು, ನಾಲ್ಕು ಕಡೆಯೂ ತೆರೆದಿರುವ ಚೌಕಟ್ಟನ್ನು ಮಾಡಿಸಲು ನಿಶ್ಚಯಿಸಿದೆವು. ಬ್ಯಾಟರಿಯ ಬೆನ್ನಿಗೂ ರೇಡಿಯೇಟರಿಗೂ ನಡುವೆ ಎರಡು ಅಂಗುಲ ಬಿಟ್ಟೆವು.

ಚೌಕಟ್ಟಿನ ಕೆಲಸ

ಟ್ರ್ಯಾಕ್ಟರಿನ ಮೇಲೆಯೇ ವೆಲ್ಡಿಂಗ್ ಮಾಡಕೂಡದು. ಮುಂದಿನ ಆಧಾರವು ಎರಕದ ಕಬ್ಬಿಣದ್ದಾಗಿರುವುದರಿಂದ ಸಾಮಾನ್ಯ ವೆಲ್ಡಿಂಗು ಅದಕ್ಕೆ ಹಿಡಿಯದೆ ಬಿರುಕು ಬಿಡುವುದು. ಮೇಲಾಗಿ ವೆಲ್ಡಿಂಗಿನ ವಿದ್ಯುತ್ತು ಡೈನಮೋವನ್ನು ಕೆಡಿಸಬಹುದು. ಬ್ಯಾಟರಿಯಿಂದ ಹೊರಟ ಅನಿಲಕ್ಕೆ ಕಿಡಿ ತಗುಲಿದರೆ ಅದು ಸಿಡಿಯಬಹುದು. ತುಂಬುತ್ತಿರುವ ಬ್ಯಾಟರಿಯಿಂದ ಜಲಜನಕವು ಹೊರಡುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕು ಪಾಲು ಸೇರಿದರೆ ಸಾಕು, ಕಿಡಿಗೆ ಕಾದಿರುತ್ತದೆ. ಚೌಕಟ್ಟನ್ನು ಕಂಬಾರನ ಅಂಗಡಿಯಲ್ಲಿ ಬೆಸೆದು, ಟ್ರ್ಯಾಕ್ಟರಿನಲ್ಲಿ ಮೊದಲೇ ಇರುವ ತೂತುಗಳಿಗೆ ಬೋಲ್ಟುಗಳಿಂದ ಬಿಗಿಯುವುದೇ ಸರಿಯಾದ ಮಾರ್ಗ.

ಒಂದೂಕಾಲು ಅಂಗುಲದ ಆಂಗಲ್ ಕಬ್ಬಿಣದಿಂದ, ಬ್ಯಾಟರಿಯ ತಳಕ್ಕಿಂತ ಪ್ರತಿ ಕಡೆಗೆ ಎಂಟನೆಯ ಒಂದು ಅಂಗುಲ ಮಾತ್ರ ಹೆಚ್ಚಾಗಿರುವಂತೆ ಚೌಕವನ್ನು ಬೆಸೆದು, ತಳಕ್ಕೆ ಅಡ್ಡಲಾಗಿ ಮೂರು ಪಟ್ಟಿಗಳನ್ನು ಹಾಕಿದೆವು. ತಳದಲ್ಲಿ ಪೂರ್ಣ ತಗಡು ಬೇಡ. ಚೆಲ್ಲಿದ ಆಮ್ಲವೂ ಮಳೆಯ ನೀರೂ ನಿಂತು ಕಬ್ಬಿಣವನ್ನು ತಿನ್ನುವುವು. ತಗಡೇ ಬೇಕೆಂದರೆ ನಾಲ್ಕು ಮೂಲೆಗಳಲ್ಲಿ ತೂತು ಕೊರೆಯಿಸಬೇಕು. ಬಣ್ಣವನ್ನು ಎರಡು ಸಲ ಬಳಿಸಿ, ಒಣಗಿದ ಮೇಲೆ ತಳಕ್ಕೆ ಹಳೆಯ ಟೈರಿನ ರಬ್ಬರು ಹಾಸಿದೆವು. ಕೆಲವರು ಬೇವಿನ ಹಲಗೆಯ ಪೆಟ್ಟಿಗೆ ಮಾಡಿಸುವುದನ್ನು ನೋಡಿದ್ದೇನೆ. ಆಮ್ಲವನ್ನು ಹೀರಿ ಒಂದೆರಡು ವರ್ಷಗಳಲ್ಲಿ ಪುಡಿಯಾಗುವುದರಿಂದ ನನಗೆ ಅದು ಒಪ್ಪಿಗೆಯಿಲ್ಲ.

ಇನ್ನು ಎಲ್ಲಕ್ಕೂ ಮುಖ್ಯವಾದ ಬಿಗಿತದ ಮಾತು. ಬ್ಯಾಟರಿಯ ಒಳಗೆ ಸೀಸದ ಜಾಲರಿಗಳಿಗೆ ಮೆತ್ತಿದ ಒಂದು ಬಗೆಯ ಕಣಕವಿರುವುದು. ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಎಂಬಾತನು 1859ರಲ್ಲಿ ಸೀಸದ ಬ್ಯಾಟರಿಯನ್ನು ಕಂಡುಹಿಡಿದನು. ಹೀಗೆ ಮೆತ್ತುವ ಪದ್ಧತಿಯು 1881ರಲ್ಲಿ ಬಂದುದು. ಅಂದಿನಿಂದಲೂ ಕುಲುಕಾಟವೇ ಈ ಕಣಕದ ಶತ್ರು. ಸಡಿಲವಾಗಿ ಕುಳಿತ ಬ್ಯಾಟರಿಯಲ್ಲಿ ಅದು ಉದುರಿ, ತಳದಲ್ಲಿ ಕೂಡಿಕೊಂಡು, ಹಲಗೆಗಳನ್ನು ಒಂದಕ್ಕೊಂದು ತಗುಲಿಸಿ, ಒಳಗಿನಿಂದಲೇ ಬ್ಯಾಟರಿಯನ್ನು ಕೊಲ್ಲುವುದು. ನಾಲ್ಕು ವರ್ಷ ಬರಬೇಕಾದುದು ಒಂದೂವರೆ ವರ್ಷಕ್ಕೆ ಹೋಯಿತೆಂದು ಅಂಗಡಿಯವನನ್ನು ಬೈಯುವವರು ಮೊದಲು ತಮ್ಮ ಬ್ಯಾಟರಿಯನ್ನು ಕೈಯಿಂದ ಅಲುಗಿಸಿ ನೋಡಲಿ. ಹಗ್ಗವೂ ಟ್ಯೂಬಿನ ಪಟ್ಟಿಯೂ ಬಿಗಿತವಲ್ಲ. ಹಗ್ಗ ಬಿಸಿಲಿಗೆ ಸಡಿಲುವುದು, ರಬ್ಬರು ಹಿಗ್ಗುವುದು.

ನಾವು ಮಾಡಿದುದು ಹೀಗೆ: ಬ್ಯಾಟರಿಯ ಮೇಲೆ ನಡುಮಧ್ಯದಲ್ಲಿ ಅಡ್ಡಲಾಗಿ ಒಂದು ಆಂಗಲ್ ಪಟ್ಟಿ, ಅದರ ಎರಡು ತುದಿಗಳಿಂದ ಕೆಳಗಿನ ಚೌಕಕ್ಕೆ ಇಳಿದು ಸಿಕ್ಕಿಕೊಳ್ಳುವ ಎರಡು ಕೊಕ್ಕೆಯ ಬೋಲ್ಟುಗಳು, ಮೇಲೆ ನಟ್ಟು. ಪಟ್ಟಿಯ ಅಡಿಗೂ ಕೊಕ್ಕೆಗಳ ಸುತ್ತಲೂ ರಬ್ಬರು. ಪಟ್ಟಿಯು ನೀರು ಹಾಕುವ ಮುಚ್ಚಳಗಳ ಮೇಲೆ ಹಾಯಕೂಡದು, ಕಂಬಗಳಿಂದ ದೂರವಿರಬೇಕು. ನಟ್ಟನ್ನು ಬ್ಯಾಟರಿ ಅಲುಗದಷ್ಟು ಬಿಗಿದರೆ ಸಾಕು. ಬಲ ತೋರಿಸಿದರೆ ಡಬ್ಬಿಯೇ ಸೀಳುವುದು.

ಕಂಬ, ಕೇಬಲ್ಲು, ಪಾನಾ

ಟ್ರ್ಯಾಕ್ಟರಿನ ಮೈಯ ಕಬ್ಬಿಣವೆಲ್ಲವೂ ಮೈನಸ್ ಕಂಬಕ್ಕೆ ಸೇರಿದುದು. ಆದುದರಿಂದ ಪ್ಲಸ್ ಕಂಬಕ್ಕೆ ಬಾನೆಟ್ಟಾಗಲಿ, ಪಾನಾ ಆಗಲಿ, ಸೊಂಟದ ಬೆಳ್ಳಿಯ ಉಡಿದಾರವಾಗಲಿ ಮೈಯೊಡನೆ ಸೇರಿ ತಾಗಿದರೆ ನೂರಾರು ಆಂಪಿಯರುಗಳು ಒಮ್ಮೆಲೇ ಹರಿದು ಲೋಹವು ಕೆಂಪಗೆ ಕಾಯುವುದು. ಕುರ್ಡಿಯಲ್ಲಿ ನಡೆದುದು ಇದೇ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ, ಎಂಬ ನಿಯಮವನ್ನು ಟ್ರ್ಯಾಕ್ಟರು ಹೊಡೆಯುವವನಿಗೆ ಬಾಯಿಪಾಠ ಮಾಡಿಸತಕ್ಕದ್ದು. ಮೈನಸ್ಸು ಬಿಚ್ಚಿದ ಮೇಲೆ ಪ್ಲಸ್ ಕಂಬದ ಪಾನಾ ಟ್ರ್ಯಾಕ್ಟರಿನ ಮೈಗೆ ತಾಗಿದರೂ ಕಿಡಿಯಿಲ್ಲ.

ಪ್ಲಸ್ ಕಂಬಕ್ಕೆ ರಬ್ಬರಿನ ಟೋಪಿ ಹಾಕಬೇಕು. ದೊರೆಯದಿದ್ದರೆ ಲಾರಿಯ ಹಳೆಯ ಟ್ಯೂಬಿನ ಎರಡು ಪದರ ಕಟ್ಟಬಹುದು. ಕಂಬಗಳ ನೇರಕ್ಕೆ ಬಾನೆಟ್ಟಿನ ಒಳಮೈಗೂ ಒಂದು ಗೇಣಗಲ ಟ್ಯೂಬಿನ ತುಂಡನ್ನು ಅಂಟಿಸಿದೆವು. ಒಂದು ಅಂಗುಲದ ಜಾಗ, ಟೋಪಿ, ಈ ತುಂಡು ಎಂದು ಮೂರು ಕಾವಲುಗಳಾದುವು.

ಬ್ಯಾಟರಿಯು ಉದ್ದವಾದುದರಿಂದ ಕಂಬಗಳ ಜಾಗವೂ ಬದಲಾಗಿ ಹಳೆಯ ಕೇಬಲ್ಲುಗಳು ಗಿಡ್ಡವಾಗುವುವು. ಎಳೆದು ಹಾಕಿದರೆ ಕಂಬದ ಬುಡ ಸಡಿಲುವುದು. ತಂತಿ ಹೆಣೆದು ಉದ್ದ ಮಾಡುವುದಂತೂ ಶುದ್ಧ ತಪ್ಪು. ಎಂಜಿನ್ನನ್ನು ಹೊರಡಿಸುವ ಮೋಟಾರು ಕ್ಷಣಕಾಲ 200 ಆಂಪಿಯರ್ ಎಳೆಯಿತೆನ್ನೋಣ. ಹೆಣೆದ ಗಂಟಿನಲ್ಲಿ ಒಂದು ಓಮಿನ 200ರಲ್ಲಿ ಒಂದು ಪಾಲಿನಷ್ಟು ಅಡ್ಡಿಯಿದ್ದರೂ ಒಂದು ವೋಲ್ಟು ಅಲ್ಲಿಯೇ ನಷ್ಟವಾಗಿ ಗಂಟು ಕಾಯುವುದು. ಹಳೆಯದಕ್ಕಿಂತ ತೆಳ್ಳಗಲ್ಲದ ತಾಮ್ರದ ಹೊಸ ಕೇಬಲ್ಲನ್ನು ತುದಿ ಒತ್ತಿಸಿ ತರಿಸಬೇಕು. ಅದು ಚೌಕಟ್ಟಿನ ಅಂಚನ್ನು ದಾಟುವ ಕಡೆಯಲ್ಲೆಲ್ಲ ರಬ್ಬರಿನ ಬುಷ್ಷು ಹಾಕಿ ಕಟ್ಟಬೇಕು. ಎಂಜಿನ್ನಿನ ನಡುಕಕ್ಕೆ ಅಂಚು ಕತ್ತಿಯಾಗುತ್ತದೆ.

ಆಮ್ಲ ಚೆಲ್ಲಿದರೆ ಅಡಿಗೆ ಸೋಡವನ್ನು ನೀರಿನಲ್ಲಿ ಕದಡಿ ಹೊಯ್ದು, ನೊರೆ ನಿಂತ ಮೇಲೆ ನೀರಿನಿಂದ ತೊಳೆಯುವುದು. ಕಣ್ಣಿಗೆ ಹಾರಿದರೆ ಸೋಡ ಹಾಕದೆ ಬರಿಯ ನೀರನ್ನೇ ಧಾರಾಳವಾಗಿ ಬಹಳ ಹೊತ್ತು ಹೊಯ್ಯುತ್ತ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಒಳಗೆ ಹಾಕಲು ಬಟ್ಟಿ ಇಳಿಸಿದ ನೀರೇ ಆಗಬೇಕು. ನಮ್ಮ ಕೊಳವೆಬಾವಿಯ ನೀರಿನ ಉಪ್ಪು ಹಲಗೆಗಳನ್ನು ಕೆಡಿಸುವುದು.

ಹಳೆಯ ಬ್ಯಾಟರಿಯನ್ನು ಕೊಟ್ಟಿಗೆಯಲ್ಲಿ ಎಸೆಯಬಾರದು, ಸೀಸದ ಆಸೆಗೆ ಮನೆಯಲ್ಲಿ ಒಡೆಯಲೂಬಾರದು. ಸೀಸದ ಧೂಳು ಮಕ್ಕಳ ಬುದ್ಧಿಯ ಬೆಳವಣಿಗೆಗೆ ಮಾರಕವಾದುದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಸಿ ಬಿಟ್ಟ ಬ್ಯಾಟರಿಗಳನ್ನು ಸಂಗ್ರಹಿಸಿ ಪುನರ್ಬಳಕೆಗೆ ಕಳುಹಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿದೆ. ಹೊಸದನ್ನು ಕೊಳ್ಳುವ ಅಂಗಡಿಯಲ್ಲಿಯೇ ಹಳೆಯದನ್ನು ಒಪ್ಪಿಸಿ, ಅದರ ಬೆಲೆಯನ್ನು ಹೊಸದರ ಬೆಲೆಯಲ್ಲಿ ಮುರಿಸಿಕೊಳ್ಳಬೇಕು.

ಕೆಲಸ ಮುಗಿದ ಮೇಲೆ ಟ್ರ್ಯಾಕ್ಟರನ್ನು ಅರ್ಧ ದಿನ ನೇಗಿಲಿಗೆ ಹೂಡಿ, ಉಷ್ಣತೆಯ ಮುಳ್ಳು ಹಿಂದಿಗಿಂತ ಮೇಲೇರುವುದೋ ಎಂದು ನೋಡಿದೆವು; ಏರಲಿಲ್ಲ. ಹತ್ತು ದಿನಗಳು ಕಳೆದ ಮೇಲೆ ಕೊಕ್ಕೆಯ ನಟ್ಟುಗಳನ್ನು ಮತ್ತೊಮ್ಮೆ ಬಿಗಿಮಾಡತಕ್ಕದ್ದು, ಏಕೆಂದರೆ ರಬ್ಬರು ಅಷ್ಟರಲ್ಲಿ ಕುಗ್ಗಿರುವುದು. ಕುರ್ಡಿಯಲ್ಲಿ ನೋಡಿದಾಗ ಎರಡೂ ಅರ್ಧ ಸುತ್ತು ಸಡಿಲವಾಗಿದ್ದುವು. ಹುಡುಗನು ಮೈನಸ್ಸನ್ನು ಮೊದಲು ಬಿಚ್ಚಿ, ಆಮೇಲೆ ಪಾನಾ ಹಾಕಿದನು.